ಕನ್ನಡ ಜಾಲತಾಣ ನಿರ್ಮಾಣ: ದೃಶ್ಯ ಎಡಿಟರ್ ಮತ್ತು ಕೈಯಿಂದ ಬರೆದ ಕೋಡ್

ಜಾಲತಾಣ ಕಟ್ಟುವುದಕ್ಕೆ ಮೊದಲಿನಿಂದಲೂ ಎರಡು ದಾರಿಗಳಿವೆ. ಎಚ್‌ಟಿಎಂಎಲ್, ಸಿಎಸ್‌ಎಸ್ ಕಲಿತು, ನೋಟ್‌ಪ್ಯಾಡ್‌ನಂಥ ಸರಳ ತಂತ್ರಾಂಶದಲ್ಲಿ ಪುಟದ ಕೋಡನ್ನು ಸಾಲು ಸಾಲಾಗಿ ಬರೆಯುವುದು ಒಂದು. ಪುಟ ಹೇಗೆ ಕಾಣಬೇಕೋ ಹಾಗೆ ಪರದೆಯ ಮೇಲೆ ಅಕ್ಷರ, ಚಿತ್ರ, ಬಟನ್‌ಗಳನ್ನು ಜೋಡಿಸಿ, ಕೋಡ್ ಬರೆಯುವ ಕೆಲಸವನ್ನು ಎಡಿಟರ್‌ಗೆ ಬಿಡುವುದು ಇನ್ನೊಂದು. ಇಂಗ್ಲಿಷ್ ತಾಣಗಳ ಮಟ್ಟಿಗೆ ಇದು ಬಹುಪಾಲು ಸಮಯ, ಖರ್ಚು, ಅಚ್ಚುಕಟ್ಟಿನ ಪ್ರಶ್ನೆ. ಕನ್ನಡದಲ್ಲಿ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿತ್ತು: ಪರದೆಯ ಮೇಲೆ ಕನ್ನಡವಾಗಿ ಕಂಡದ್ದು ಕಡತದೊಳಗೂ ಕನ್ನಡವಾಗಿಯೇ ಉಳಿದಿದೆಯೇ?

ಟಿಮ್ ಬರ್ನರ್ಸ್-ಲೀ 1990ರಲ್ಲಿ ಸರ್ನ್ ಸಂಸ್ಥೆಯಲ್ಲಿ ನೆಕ್ಸ್ಟ್ ಕಂಪ್ಯೂಟರಿಗೆಂದು ಬರೆದ ಮೊದಲ ಬ್ರೌಸರ್ ಎಡಿಟರ್ ಕೂಡ ಆಗಿತ್ತು. ಓದುವ ಕಿಟಕಿಯಲ್ಲೇ ಪುಟವನ್ನು ತಿದ್ದಬಹುದಿತ್ತು. 1993ರಲ್ಲಿ ಬಂದು ಜನಪ್ರಿಯವಾದ ಮೊಸಾಯಿಕ್ ಓದುವುದಕ್ಕಷ್ಟೇ ಇದ್ದುದರಿಂದ ಕೋಡನ್ನು ಕೈಯಿಂದ ಬರೆಯುವುದೇ ರೂಢಿಯಾಯಿತು. ವರ್ಮೀರ್ ಕಂಪನಿ 1995ರಲ್ಲಿ ತಂದ ಫ್ರಂಟ್‌ಪೇಜನ್ನು ಮರುವರ್ಷದ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. 1997ರ ಕೊನೆಗೆ ಬಂದ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್, ಕೈಯಿಂದ ಬರೆದ ಕೋಡನ್ನು ಕೆಡಿಸದೆ ಉಳಿಸುತ್ತದೆಂಬ ಕಾರಣಕ್ಕೆ ವೃತ್ತಿಪರರಿಗೂ ಒಪ್ಪಿಗೆಯಾಯಿತು.

ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಹೆಸರಾದ ‘ವಿಶ್ವಕನ್ನಡ’ವನ್ನು ಡಾ. ಯು. ಬಿ. ಪವನಜ ಆರಂಭಿಸಿದ್ದು 1996ರಲ್ಲಿ. ಆಗ ಕಂಪ್ಯೂಟರ್‌ಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗವಿರಲಿಲ್ಲ. ಕೆ. ಪಿ. ರಾವ್ ಅವರ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸ ಮತ್ತು ಅವರು ಉಚಿತವಾಗಿ ಹಂಚಿದ ‘ಸೇಡಿಯಾಪು’ ತಂತ್ರಾಂಶ, ಶೇಷಾದ್ರಿ ವಾಸು ಅವರ 1998ರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಟೈಪ್ ಮಾಡುವುದನ್ನು ಸುಲಭ ಮಾಡಿದವು. ಆದರೆ ಇವುಗಳ ಹಳೆಯ ಫಾಂಟ್‌ಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿಕೊಂಡಿದ್ದವು.

ಬೈಂದೂರು ತಾಲೂಕಿನ ಕೊಲ್ಲೂರಿನ ಹೆಸರನ್ನೇ ತೆಗೆದುಕೊಳ್ಳೋಣ. ಹಳೆಯ ನುಡಿ ಫಾಂಟಿನಲ್ಲಿ ‘ಕ’ದ ಮೈ ಇರುವುದು ದೊಡ್ಡ ‘ಪಿ’ಯ ಜಾಗದಲ್ಲಿ, ‘ರ’ದ ಮೈ ಸಣ್ಣ ‘ಜಿ’ಯ ಜಾಗದಲ್ಲಿ. ತಲೆಕಟ್ಟು, ಕೊಂಬು, ಒತ್ತುಗಳು ಯುರೋಪಿನ ಭಾಷೆಗಳ ಸ್ವರಚಿಹ್ನೆಯ ಅಕ್ಷರಗಳ ಜಾಗಗಳಲ್ಲಿ. ಓದುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕೊಲ್ಲೂರು ಎಂಬ ಊರೇ ಮಾಯವಾಗಿ ‘ಪಿ’ಯಿಂದ ಶುರುವಾಗುವ ಅರ್ಥವಿಲ್ಲದ ಅಕ್ಷರಗಳ ಸಾಲು ಉಳಿಯುತ್ತಿತ್ತು. ಕ್ರಮವೂ ಬೇರೆ: ‘ಲ್ಲೂ’ ಎಂಬಲ್ಲಿ ಮೊದಲು ‘ಲ’, ಆಮೇಲೆ ದೀರ್ಘದ ಕೊಂಬು, ಕೊನೆಗೆ ಲಕಾರದ ಒತ್ತು. ಬರೆಯುವ ಕೈ ಚಲಿಸುವ ಹಾಗೆ ಆಕಾರಗಳು ಕೂತಿರುತ್ತಿದ್ದವೇ ಹೊರತು ಉಚ್ಚಾರದ ಕ್ರಮದಲ್ಲಿ ಅಲ್ಲ. ಹುಡುಕುವ ಯಂತ್ರಕ್ಕೆ ಅಲ್ಲಿ ಕೊಲ್ಲೂರು ಸಿಗುವ ಬಗೆಯೇ ಇರಲಿಲ್ಲ.

ದೃಶ್ಯ ಎಡಿಟರ್ ಈ ಕಷ್ಟವನ್ನು ಮರೆಮಾಡುತ್ತಿತ್ತು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಪುಟ ಸೊಗಸಾಗಿ ಕಾಣುತ್ತಿತ್ತು. ಎಡಿಟರ್ ಮಾತ್ರ ಪ್ರತಿ ತುಣುಕಿಗೂ ಫಾಂಟಿನ ಹೆಸರಿನ ಟ್ಯಾಗ್ ಸುತ್ತುತ್ತಿತ್ತು. ಒಂದು ಟ್ಯಾಗ್ ತಪ್ಪು ಜಾಗದಲ್ಲಿ ಮುಗಿದರೆ ಅರ್ಧ ವಾಕ್ಯ ಕನ್ನಡ, ಇನ್ನರ್ಧ ರೋಮನ್ ಕಲಸುಮೇಲೋಗರ. ಅದನ್ನು ಸರಿಪಡಿಸಲು ಕೋಡ್ ಓದಬಲ್ಲವರೇ ಬೇಕಾಗುತ್ತಿತ್ತು. ಫಾಂಟನ್ನು ಪುಟದ ಜತೆಗೇ ಕಳುಹಿಸುವ ‘ಡೈನಮಿಕ್ ಫಾಂಟ್’ ಬಂದಾಗಲೂ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ಬಗೆ, ನೆಟ್‌ಸ್ಕೇಪ್‌ಗೆ ಇನ್ನೊಂದು ಬಗೆಯ ಕಡತ ಬೇಕಿತ್ತು. ಎರಡಕ್ಕೂ ಸಾಲುಗಳನ್ನು ಕೈಯಿಂದ ಸೇರಿಸಬೇಕಿತ್ತು. ಆ ವರ್ಷಗಳ ಕನ್ನಡ ತಾಣಗಳನ್ನು ನಡೆಸಿದವರ ಶ್ರಮಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಖ್ಯೆ ಕೊಡುವ ಯುನಿಕೋಡ್ ಈ ಸ್ಥಿತಿಯನ್ನು ಬುಡಸಮೇತ ಬದಲಿಸಿತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಯುನಿಕೋಡ್ ಫಾಂಟಿನೊಂದಿಗೆ ಬಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’ ತಾಣ ಯುನಿಕೋಡ್‌ನಲ್ಲೇ ಆರಂಭವಾದವು. ಹಾಗೆಂದು ಎಡಿಟರ್‌ಗಳ ತೊಡಕು ಒಮ್ಮೆಗೇ ತೀರಲಿಲ್ಲ. ಯುನಿಕೋಡ್‌ನಲ್ಲಿ ‘ಕೊಲ್ಲೂರು’ ಎಂದರೆ ಎಂಟು ಸಂಕೇತಗಳು. ‘ಕ’ದ ಸಂಖ್ಯೆ 3221, ‘ಲ’ದ್ದು 3250. ಪುಟದ ಎನ್‌ಕೋಡಿಂಗನ್ನು ಸರಿಯಾಗಿ ಹೇಳಿಕೊಡದಿದ್ದರೆ ಆ ಕಾಲದ ಎಡಿಟರ್‌ಗಳು ಪ್ರತಿ ಸಂಕೇತವನ್ನೂ ಹೀಗೆ ಸಂಖ್ಯೆಯಾಗಿ, ಹಿಂದೆ ಮುಂದೆ ಮೂರು ಚಿಹ್ನೆ ಸೇರಿಸಿ ಉಳಿಸುತ್ತಿದ್ದವು. ಆಗ ಊರಿನ ಹೆಸರೊಂದೇ 56 ಕೀಲಿಗಳಷ್ಟು ಉದ್ದವಾಗುತ್ತಿತ್ತು. ಬ್ರೌಸರ್‌ಗೆ ಅದರಿಂದ ತೊಂದರೆಯಿಲ್ಲ. ಆದರೆ ಮುಂದೆ ಯಾರಾದರೂ ಕೋಡ್ ತೆರೆದು ಒಂದು ಕಾಗುಣಿತ ತಿದ್ದಲು ಹೊರಟರೆ ಎದುರಾಗುವುದು ಬರೀ ಅಂಕಿಗಳು. ಅದೇ ಪುಟವನ್ನು ಯುಟಿಎಫ್-8 ಎಂಬ ಯುನಿಕೋಡ್ ಎನ್‌ಕೋಡಿಂಗಿನಲ್ಲಿ ಕೈಯಿಂದ ಬರೆದಿದ್ದರೆ ಕನ್ನಡ ಬಲ್ಲ ಯಾರೂ ತಿದ್ದಬಹುದಿತ್ತು.

ಕನ್ನಡ ವಿಕಿಪೀಡಿಯದಲ್ಲಿ ಇದೇ ಆಯ್ಕೆ ಬೇರೆ ರೂಪದಲ್ಲಿ ಬಂತು. ಮೊದಲ ಹತ್ತು ವರ್ಷ ಚೌಕಾವರಣ, ನಕ್ಷತ್ರ, ಸಮಚಿಹ್ನೆಗಳ ವಿಕಿ ಸಂಕೇತವನ್ನು ಕಲಿಯದೆ ಗತಿಯಿರಲಿಲ್ಲ. ವಿಕಿಮೀಡಿಯ ಫೌಂಡೇಶನ್ 2013ರಲ್ಲಿ ವ್ಯಾಪಕವಾಗಿ ಬಿಡುಗಡೆ ಮಾಡಿದ ವಿಷುವಲ್ ಎಡಿಟರ್ ಆರಂಭದಲ್ಲಿ ಭಾರತೀಯ ಭಾಷೆಗಳ ಟೈಪಿಂಗ್ ಸಾಧನಗಳೊಂದಿಗೆ ಸರಿಯಾಗಿ ಹೊಂದಿಕೊಳ್ಳಲಿಲ್ಲ. ಈಗ ಎರಡೂ ಒಂದೇ ಪುಟದಲ್ಲಿ ಸಿಗುತ್ತವೆ. ಹೊಸಬರು ದೃಶ್ಯ ಎಡಿಟರ್‌ನಲ್ಲಿ ಶುರುಮಾಡಿ, ಕೋಷ್ಟಕ, ಟೆಂಪ್ಲೇಟ್ ಕೆಟ್ಟಾಗ ಮೂಲ ಸಂಕೇತಕ್ಕೆ ಹೊರಳುವುದು ಸಾಮಾನ್ಯ. ಈ ಲೇಖಕನ ಅಭಿಪ್ರಾಯದಲ್ಲಿ ಇಡೀ ಇತಿಹಾಸದಲ್ಲೇ ಅತ್ಯಂತ ವಿವೇಕದ ಏರ್ಪಾಡು ಇದು.

ವರ್ಡ್‌ಪ್ರೆಸ್ (2003), ವಿಕ್ಸ್ (2006), ವರ್ಡ್‌ಪ್ರೆಸ್‌ಗೆ ಸೇರಿಸುವ ಎಲಿಮೆಂಟರ್ (2016) ಬಂದ ಮೇಲೆ ಸಣ್ಣ ಪತ್ರಿಕೆ, ಲಾಡ್ಜ್, ಶಾಲೆಗಳ ತಾಣಗಳು ಬಹುಪಾಲು ಎಡಿಟರ್‌ನಲ್ಲೇ ತಯಾರಾಗುತ್ತವೆ. ಅಕ್ಷರ ಕೆಡುವ ಭಯ ಈಗಿಲ್ಲ. ಕೆಡುವುದು ಅದರ ಅಂದ. ರೋಮನ್ ಲಿಪಿಯ ಎತ್ತರ ನೋಡಿ ಮಾಡಿದ ಥೀಮ್‌ಗಳಲ್ಲಿ ಸಾಲುಗಳ ನಡುವೆ ಜಾಗ ಸಾಲದೆ ‘ಕೊಲ್ಲೂರು’ ಎಂಬ ಬಟನ್‌ನಲ್ಲಿ ಲಕಾರದ ಒತ್ತು ಕತ್ತರಿಸಿಹೋಗುತ್ತದೆ. ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರ ಹೆಚ್ಚಿಸುವ ಒಂದೇ ಸಾಲು ಬರೆದರೆ ಅದು ಸರಿಯಾಗುತ್ತದೆ. ಎಡಿಟರ್‌ನಲ್ಲಿ ಮಾಡಿದ ತಾಣದ ಆಯುಸ್ಸು ಸೇವೆ ಕೊಡುವವರ ಕೈಯಲ್ಲಿರುವುದು ಇನ್ನೊಂದು ಆತಂಕ. ತಾಣ ಕಟ್ಟಿಕೊಳ್ಳಲು ಜಾಗ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಸಣ್ಣ ವ್ಯಾಪಾರಿಗಳಿಗೆ ಗೂಗಲ್ ಉಚಿತವಾಗಿ ಕೊಟ್ಟಿದ್ದ ತಾಣಗಳು 2024ರ ಮಾರ್ಚ್‌ನಲ್ಲಿ ನಿಂತವು. ಕೋಡ್ ಕೈಯಲ್ಲಿದ್ದವರು ಬೇರೆ ಸರ್ವರಿಗೆ ಹೋಗಬಹುದು. ಇಂಥ ಸೇವೆಗಳನ್ನು ನಂಬಿದ್ದವರು ಹೊಸದಾಗಿಯೇ ಕಟ್ಟಬೇಕಾಯಿತು.

ಮುಜರಾಯಿ ಇಲಾಖೆಗೆ ಸೇರಿದ ಕೊಲ್ಲೂರು ಮೂಕಾಂಬಿಕಾ ದೇವಸ್ಥಾನದಂಥ ಕ್ಷೇತ್ರದ ತಾಣಕ್ಕೆ ಎರಡೂ ದಾರಿ ಬೇಕು. ನವರಾತ್ರಿಯ ವೇಳಾಪಟ್ಟಿ, ವಿಜಯದಶಮಿಯ ವಿದ್ಯಾರಂಭದ ಸೂಚನೆಗಳನ್ನು ಕಚೇರಿಯ ಸಿಬ್ಬಂದಿಯೇ ಬದಲಿಸುವಂತಿರಬೇಕು, ಅದಕ್ಕೆ ಎಡಿಟರೇ ಸರಿ. ಸೇವೆ ಕಾಯ್ದಿರಿಸುವುದು, ಹಣ ಪಾವತಿ, ರಸೀದಿ ಇವಕ್ಕೆ ಪರಿಣತರು ಬರೆದು ಪರೀಕ್ಷಿಸಿದ ಕೋಡೇ ಬೇಕು. ಸರಕಾರಿ ತಾಣಗಳಲ್ಲಿ ಇಂಥ ಹಂಚಿಕೆ ಈಗಾಗಲೇ ಇದೆ. 2009ರಲ್ಲಿ ಕೇಂದ್ರ ಸರಕಾರ ತನ್ನ ತಾಣಗಳಿಗೆ ಮಾರ್ಗಸೂಚಿ ಹೊರಡಿಸಿತು. ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ‘ಎಸ್3ವಾಸ್’ ಚೌಕಟ್ಟಿಗೆ ಉಡುಪಿ ಸೇರಿದಂತೆ ಜಿಲ್ಲಾಡಳಿತಗಳ ತಾಣಗಳು ಬಂದವು. ಚೌಕಟ್ಟಿನ ಕೋಡ್ ಕೇಂದ್ರದ್ದು, ವಿಷಯ ತುಂಬುವುದು ಜಿಲ್ಲೆಯವರದು. ಆದರೂ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಆದೇಶಗಳು, ಸ್ಕ್ಯಾನ್ ಮಾಡಿದ ಸುತ್ತೋಲೆಗಳು ಪಿಡಿಎಫ್ ಆಗಿ ಸರಕಾರಿ ತಾಣಗಳಿಗೆ ಏರುತ್ತಲೇ ಇವೆ. ಕನ್ನಡದಲ್ಲಿ ಹುಡುಕುವವರಿಗೆ ಅವು ಸಿಗುವುದಿಲ್ಲ. ಸ್ವಯಂಸೇವಕರು ಮಾಡಿಕೊಟ್ಟ ಪರಿವರ್ತಕಗಳು ಹಳೆಯ ಫಾಂಟಿನ ಪಠ್ಯವನ್ನು ಕ್ಷಣದಲ್ಲಿ ಯುನಿಕೋಡ್‌ಗೆ ತರುತ್ತವೆ. ಸ್ಕ್ಯಾನ್ ಆದ ಹಾಳೆಗಳನ್ನು ಮಾತ್ರ ಮತ್ತೆ ಟೈಪ್ ಮಾಡಬೇಕು, ಇಲ್ಲವೇ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು ಒತ್ತು, ದೀರ್ಘಗಳನ್ನು ಒಂದೊಂದಾಗಿ ತಾಳೆ ನೋಡಬೇಕು.