ಊರ ತೆರಿಗೆಯೂ ನಾಡ ತೆರಿಗೆಯೂ: ಹಾಸನ ಸೀಮೆಯ ಪಟ್ಟಣಗಳು

ನಾಡಿನ ಬೊಕ್ಕಸಕ್ಕೆ ಕಂದಾಯ ತೆರುವವನು ತನ್ನ ಪಟ್ಟಣಕ್ಕೂ ಬೇರೊಂದು ತೆರಿಗೆಯನ್ನು ಕೊಡಬೇಕಾದಾಗ, ಇದರಿಂದ ತನಗೇನು ಪ್ರಯೋಜನವೆಂದು ಕೇಳುವುದು ಸಹಜ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಕಾಣಬೇಕಾದರೆ, ಆ ತೆರಿಗೆಯನ್ನು ಯಾರು ತೆತ್ತರು, ಅದು ಎಲ್ಲಿ ವ್ಯಯವಾಯಿತು ಎಂಬೆರಡನ್ನೂ ಪರಿಶೀಲಿಸಬೇಕಾಗುತ್ತದೆ.

ಹೊಯ್ಸಳರ ಕಾಲದ ಶಾಸನಗಳಲ್ಲಿ ಮನೆದೆರೆ, ಗಾಣದೆರೆ, ಮಗ್ಗದೆರೆಗಳೂ ಹೇರುಗಳ ಮೇಲಣ ಸುಂಕವೂ ಉಕ್ತವಾಗಿವೆ. ಇವುಗಳ ಉತ್ಪತ್ತಿಯನ್ನು ದೇವಾಲಯದ ನಂದಾದೀವಿಗೆಗೋ ಕೆರೆಯ ಜೀರ್ಣೋದ್ಧಾರಕ್ಕೋ ಬಿಟ್ಟುಕೊಟ್ಟುದುಂಟು. ಅಂತಹ ಕಡೆ ತೆತ್ತವನ ಹಣವು ಅವನ ಕಣ್ಣೆದುರಿನಲ್ಲಿಯೇ ಬೆಳಕಾಗಿ, ನೀರಾಗಿ ಕಾಣುತ್ತಿತ್ತು. ಶಿವಶರಣರ ಪರಂಪರೆಯಲ್ಲಿ ಸುಂಕದ ಬಂಕಣ್ಣನಿಗೂ ಸ್ಥಾನವಿರುವುದರಿಂದ, ಸುಂಕವೆತ್ತುವುದೂ ಒಂದು ಕಾಯಕವೆನಿಸಿತ್ತೆಂಬುದು ಸ್ಪಷ್ಟ. ಆದರೂ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಜನರ ಬಾಯಲ್ಲಿ ಉಳಿದೇ ಬಂದಿತು.

ಮೈಸೂರು ಸಂಸ್ಥಾನದಲ್ಲಿ ಆಧುನಿಕ ಪುರಾಡಳಿತವು ಕಮಿಷನರರ ಆಳ್ವಿಕೆಯಲ್ಲಿ, 1862ರಲ್ಲಿ ಬೆಂಗಳೂರಿನಿಂದ ಮೊದಲಾಯಿತು. ಕ್ರಮೇಣ ಜಿಲ್ಲೆ, ತಾಲ್ಲೂಕುಗಳ ಮುಖ್ಯ ಊರುಗಳಿಗೂ ಹಬ್ಬಿತು. ಹಳ್ಳಿಯ ರೈತನು ಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ಲೋಕಲ್ ಫಂಡ್ ಸೆಸ್ಸನ್ನು ಸೇರಿಸಿ ಕೊಡುತ್ತಿದ್ದನು. ಅದು ರಸ್ತೆ, ಶಾಲೆಗಳಿಗೆ ಮೀಸಲಾಗಿತ್ತು. ಪಟ್ಟಣದವನು ಮನೆಗಂದಾಯ ಕೊಡುತ್ತಿದ್ದನು. ಆದರೆ ಪುರಸಭೆಗಳ ಆದಾಯಕ್ಕೆ ದೊಡ್ಡ ಆಧಾರವಾಗಿದ್ದುದು ಒಳಬರುವ ಸರಕುಗಳ ಮೇಲಣ ಆಕ್ಟ್ರಾಯ್ ಸುಂಕ. ಮಾರಾಟಕ್ಕೆಂದು ಸರಕು ಹೇರಿಕೊಂಡು ಪೇಟೆಗೆ ಬಂದವನು ಸುಂಕದಕಟ್ಟೆಯಲ್ಲಿ ನಿಲ್ಲಬೇಕಾಗಿತ್ತು. ಪಟ್ಟಣದ ದೀಪಕ್ಕೆ ಎಣ್ಣೆಯನ್ನು ಪಟ್ಟಣದವನೊಬ್ಬನೇ ಎರೆಯಲಿಲ್ಲ. ಸುತ್ತಣ ಹಳ್ಳಿಗನೂ ಎರೆದನು. ಎರಡು ಕಡೆಯೂ ತೆತ್ತವನು ವಾಸ್ತವವಾಗಿ ಅವನೇ.

1964ರ ಪುರಸಭೆಗಳ ಕಾಯಿದೆಯು ಬೀದಿದೀಪ, ಚರಂಡಿ, ನೈರ್ಮಲ್ಯ, ಕುಡಿಯುವ ನೀರು ಮುಂತಾದುವನ್ನು ಕಡ್ಡಾಯ ಕರ್ತವ್ಯಗಳನ್ನಾಗಿ ವಿಧಿಸಿತು. ಜನಸಂಖ್ಯೆಗನುಗುಣವಾಗಿ ಹಾಸನವು ನಗರಸಭೆಯಾಗಿ, ಹೊಳೆನರಸೀಪುರ, ಚನ್ನರಾಯಪಟ್ಟಣಗಳು ಪುರಸಭೆಗಳಾಗಿ, ಅರಕಲಗೂಡು ಪಟ್ಟಣ ಪಂಚಾಯಿತಿಯಾಗಿ ನಡೆದುಬಂದವು. ಪುರಸಭೆಯ ಎಲ್ಲೆಯೊಳಗಿನವನು ಗ್ರಾಮ ಪಂಚಾಯಿತಿಗೆ ಮನೆತೆರಿಗೆ ಕೊಡಬೇಕಾಗಿಲ್ಲ. ಇಬ್ಬರೂ ನಾಡಿನ ತೆರಿಗೆಗಳಿಗೆ ಮಾತ್ರ ಸಮಾನವಾಗಿ ಬದ್ಧರು. ಹೇಮಾವತಿಯ ನೀರನ್ನು ಹಾಸನದ ಮನೆಮನೆಗೆ ಮುಟ್ಟಿಸುವಂತಹ ಕಾರ್ಯಕ್ಕೆ ಅಣೆಕಟ್ಟನ್ನು ನಾಡು ಕಟ್ಟಬಲ್ಲದು. ಬೀದಿಯ ಕೊಳಾಯಿಯನ್ನು ದಿನವೂ ನೋಡಿಕೊಳ್ಳುವವರು ಊರಿನಲ್ಲಿಯೇ ಇರಬೇಕು. ಊರ ತೆರಿಗೆಯ ಸಾರ್ಥಕತೆ ಇಲ್ಲಿದೆ.

1979ರಲ್ಲಿ ಕರ್ನಾಟಕವು ಆಕ್ಟ್ರಾಯನ್ನು ರದ್ದುಗೊಳಿಸಿ, ಪ್ರವೇಶ ತೆರಿಗೆಯನ್ನು ಜಾರಿಗೆ ತಂದಿತು. ಸುಂಕದಕಟ್ಟೆಯ ಕಿರುಕುಳ ತಪ್ಪಿತಾದರೂ, ಪುರಸಭೆಯು ತನ್ನದೇ ಆದ ಆದಾಯವನ್ನು ಕಳೆದುಕೊಂಡು ಸರ್ಕಾರದ ಅನುದಾನವನ್ನು ನೆಚ್ಚಬೇಕಾಯಿತು. ಆ ಪ್ರವೇಶ ತೆರಿಗೆಯೂ 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯಲ್ಲಿ ಲೀನವಾಯಿತು. ಊರಿನ ಕೈಯಲ್ಲಿ ಮುಖ್ಯವಾಗಿ ಉಳಿದುದು ಆಸ್ತಿ ತೆರಿಗೆ. ಅದರೊಡನೆ ಆರೋಗ್ಯಕ್ಕೆಂದು ಶೇಕಡ 15, ಗ್ರಂಥಾಲಯಕ್ಕೆಂದು ಶೇಕಡ 6, ಭಿಕ್ಷುಕರ ಪುನರ್ವಸತಿಗೆಂದು ಶೇಕಡ 3 ಕರಗಳು ಸೇರುತ್ತವೆ. ಇವುಗಳನ್ನು ವಸೂಲು ಮಾಡುವುದು ಪುರಸಭೆ; ವಿನಿಯೋಗ ಮಾತ್ರ ಬೇರೆಯವರ ಕೈಯಲ್ಲಿ. ಒಂದೇ ರಸೀತಿಯಲ್ಲಿ ಹಣ ಕಟ್ಟಿದವನಿಗೆ ಯಾವುದು ಊರಿನದು, ಯಾವುದು ನಾಡಿನದು ಎಂದು ತಿಳಿಯುವುದು ಕಷ್ಟ.

ಆದುದರಿಂದ ಎರಡು ತೆರಿಗೆಗಳಿರುವುದೇ ಅನ್ಯಾಯವೆನ್ನಲಾಗದು. ತನ್ನ ಹಣವು ಎಲ್ಲಿ ವ್ಯಯವಾಯಿತೆಂದು ತೆತ್ತವನು ಕಂಡು ಕೇಳಬಲ್ಲನಾದರೆ ಎರಡನೆಯ ತೆರಿಗೆ ಲಾಭದಾಯಕ. ಕೇಳಲು ಆಸ್ಪದವಿಲ್ಲದ ಕಡೆ ಅದು ದಂಡಕ್ಕೆ ಸಮಾನ. ಸುಂಕದಕಟ್ಟೆಯಲ್ಲಿ ತಲೆಮಾರುಗಳ ಕಾಲ ತೆತ್ತ ಹಳ್ಳಿಯವನಿಗೂ ಪಟ್ಟಣದ ಸಂತೆಮಾಳದಲ್ಲಿ ನೆರಳನ್ನೂ ಕುಡಿಯುವ ನೀರನ್ನೂ ಕೇಳುವ ಹಕ್ಕುಂಟು. ಆ ಪಟ್ಟಣವನ್ನು ಕಟ್ಟುವುದರಲ್ಲಿ ಅವನ ಪಾಲೂ ಇದೆ.