ಬೀದರಿನ ಒಂಟಿ ಮಿನಾರು

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಸಂಸಾರಗಳಿಗೆ ಎರಡು ದಿನದ ರಜೆ ಕೂಡಿ ಬಂದರೆ ಸಂತೋಷದ ಜೊತೆಗೆ ಒಂದು ಪೇಚೂ ಬರುತ್ತದೆ. ಊರಿಗೆ ಹೋಗೋಣವೆಂದರೆ ಧಾರವಾಡವೂ ಮೈಸೂರೂ ರಾತ್ರಿಯೆಲ್ಲ ಪ್ರಯಾಣದ ದೂರ. ರಜೆಯ ಮುಕ್ಕಾಲು ಪಾಲು ಗಾಡಿಯಲ್ಲೇ ಕಳೆದುಹೋಗುತ್ತದೆ. ಇಲ್ಲೇ ಇರೋಣವೆಂದರೆ ಗೋಲ್ಕೊಂಡ, ಚಾರ್‌ಮಿನಾರುಗಳು ಮಕ್ಕಳಿಗೆ ಬಾಯಿಪಾಠವಾಗಿವೆ. ಕಳೆದ ಚಳಿಗಾಲದಲ್ಲಿ ನಮ್ಮ ಬಡಾವಣೆಯ ಮೂರು ಕನ್ನಡ ಮನೆಗಳವರು ಸೇರಿ ಈ ಪೇಚಿಗೆ ಒಂದು ಪರಿಹಾರ ಕಂಡುಕೊಂಡೆವು. ಶನಿವಾರ ಬೆಳಗಿನ ಬಸ್ಸು ಹಿಡಿದು, ಜಹೀರಾಬಾದಿನ ಮೇಲೆ ಹಾಯ್ದು, ಬುತ್ತಿಯ ಗಂಟು ಬಿಚ್ಚುವ ಹೊತ್ತಿಗೆ ಬೀದರ ಸೇರಿದೆವು. ದೂರ ಸುಮಾರು 140 ಕಿಲೋಮೀಟರು. ವಿಕಾರಾಬಾದಿನ ಮೇಲೆ ರೈಲೂ ಇದೆ.

ಬೀದರ ನಮಗೆ ಪರ ಊರೇನೂ ಅಲ್ಲ. 1956ರ ನವೆಂಬರ್ 1ರವರೆಗೆ ಅದೂ ಹೈದರಾಬಾದ್ ರಾಜ್ಯದ ಒಂದು ಜಿಲ್ಲೆಯಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ ಸಂಬಂಧ ತಿರುವು ಮುರುವಾಗುತ್ತದೆ. 1591ರಲ್ಲಿ ಹೈದರಾಬಾದನ್ನು ಕಟ್ಟಿಸಿದ ಕುತುಬ್‌ಶಾಹಿ ಅರಸರ ಮೂಲಪುರುಷ ಬೀದರಿನ ಬಹಮನಿ ಸುಲ್ತಾನರ ಕೈಕೆಳಗಿನ ಅಧಿಕಾರಿ. ಆ ಲೆಕ್ಕದಲ್ಲಿ ನಾವಿರುವ ಮಹಾನಗರವೇ ಬೀದರಿನ ಕುಡಿ.

ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಗುಲ್ಬರ್ಗದಲ್ಲಿದ್ದ ರಾಜಧಾನಿಯನ್ನು ಬೀದರಿಗೆ ತಂದವನು ಅಹ್ಮದ್ ಷಾ ವಲಿ (1422-1436). ಎರಡು ಸಾವಿರ ಅಡಿಗೂ ಎತ್ತರದ ಕೆಮ್ಮಣ್ಣಿನ ಪ್ರಸ್ಥಭೂಮಿ, ಒಳ್ಳೆಯ ಗಾಳಿ, ಸಿಹಿ ನೀರು. ಕೋಟೆಯ ಒಂದು ಮಗ್ಗುಲಿಗೆ ಕಲ್ಲನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕವಿದೆ. ಹುಡುಗರು ಅದನ್ನು ಬಗ್ಗಿ ನೋಡದಂತೆ ಹಿಡಿದುಕೊಳ್ಳುವುದೇ ನಮಗೊಂದು ಕೆಲಸವಾಯಿತು. ಒಳಗಿನ ಸೋಲಾ ಖಂಬ ಮಸೀದಿ, ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ರಂಗೀನ್ ಮಹಲು, ಎಲ್ಲವನ್ನೂ ನೋಡಲು ಅರ್ಧ ದಿನ ಬೇಕು. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಊರ ನಡುವಿನ ಒಂದು ಕಟ್ಟಡದ ಕಥೆಯನ್ನು, ಅದನ್ನು ಕಟ್ಟಿಸಿದವನ ಕಥೆಯನ್ನು.

ಮೂರು ಅಂತಸ್ತಿನ ಆ ಮದರಸಾ 1472ರಲ್ಲಿ ಮುಗಿಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಅದರ ಮೈಮೇಲೆ ನೀಲಿ, ಹಸಿರು, ಬಿಳಿ ಬಣ್ಣದ ಹೆಂಚಿನ ತುಣುಕುಗಳು ಇನ್ನೂ ಅಂಟಿಕೊಂಡಿವೆ. 1696ರಲ್ಲಿ, ಮೊಗಲರ ಕಾಲದಲ್ಲಿ, ಒಳಗಿಟ್ಟಿದ್ದ ಮದ್ದಿಗೆ ಬೆಂಕಿ ಬಿದ್ದು ಕಟ್ಟಡದ ದೊಡ್ಡ ಭಾಗ ಹಾರಿಹೋಯಿತು. ಒಮ್ಮೆ ಸಾವಿರಾರು ಹಸ್ತಪ್ರತಿಗಳಿದ್ದ ವಿದ್ಯಾಶಾಲೆಯಲ್ಲಿ ಮದ್ದಿನ ಮೂಟೆ ಇಟ್ಟರೆ ಆಗುವುದು ಇದೇ.

ಕಟ್ಟಿಸಿದವನು ಮಹಮೂದ್ ಗವಾನ್. ಪರ್ಷಿಯಾದ ಗೀಲಾನ್ ಪ್ರಾಂತದವನು. ನಲವತ್ತು ದಾಟಿದ ಮೇಲೆ, 1453ರ ಸುಮಾರಿಗೆ, ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದ. ಸುಲ್ತಾನರ ನೌಕರಿ ಹಿಡಿದು ಮೇಲೇರಿ ಪ್ರಧಾನಮಂತ್ರಿಯಾದ. ಪಟ್ಟದ ಮೇಲೆ ಕುಳಿತ ಹುಡುಗರು ಬೆಳೆಯುವ ತನಕ ರಾಜಮಾತೆಯ ಜೊತೆ ನಿಂತು ರಾಜ್ಯವನ್ನು ಕಾಪಾಡಿದ. 1472ರಲ್ಲಿ ಗೋವೆಯನ್ನು ವಿಜಯನಗರದವರಿಂದ ಗೆದ್ದ. ಆದರೂ, ಫೆರಿಷ್ತಾ ಎಂಬ ಇತಿಹಾಸಕಾರನ ಪ್ರಕಾರ, ತನ್ನ ಸ್ವಂತ ಊಟದ ಖರ್ಚನ್ನು ಹಿಂದಿನ ವ್ಯಾಪಾರದ ಬಂಡವಾಳದಿಂದಲೇ ನಡೆಸುತ್ತಿದ್ದನಂತೆ.

ಆಡಳಿತದಲ್ಲಿ ಅವನು ಮಾಡಿದ ಬದಲಾವಣೆ ನಮ್ಮಂಥ ಕಚೇರಿಯವರಿಗೆ ಕೂಡಲೇ ಅರ್ಥವಾಗುವಂಥದು. ರಾಜ್ಯದಲ್ಲಿ ನಾಲ್ಕು ದೊಡ್ಡ ಪ್ರಾಂತಗಳಿದ್ದವು. ಒಬ್ಬೊಬ್ಬ ಪ್ರಾಂತಾಧಿಕಾರಿಯೂ ಒಬ್ಬ ಚಿಕ್ಕ ಸುಲ್ತಾನನೇ ಆಗಿದ್ದ. ಗವಾನ್ ನಾಲ್ಕನ್ನು ಎಂಟು ಮಾಡಿದ. ಒಬ್ಬನ ಕೈಯಲ್ಲಿ ಒಂದೇ ಕೋಟೆ, ಮಿಕ್ಕ ಕೋಟೆಗಳಿಗೆ ರಾಜಧಾನಿಯಿಂದಲೇ ನೇಮಕ ಎಂದ. ಭೂಮಿಯ ಅಳತೆ ಮಾಡಿಸಿದ. ಇಂಥ ಸುತ್ತೋಲೆ ಹೊರಟರೆ ಯಾರಿಗೆ ಹೊಟ್ಟೆ ಉರಿಯುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಉರಿಗೆ ಎಣ್ಣೆ ಸುರಿದದ್ದು ಇನ್ನೊಂದು ಜಗಳ. ಬೀದರಿನ ದರಬಾರಿನಲ್ಲಿ ಎರಡು ಪಂಗಡಗಳಿದ್ದವು. ಸಮುದ್ರ ದಾಟಿ ಬಂದ ಇರಾನಿಗಳು, ತುರ್ಕರು ಮೊದಲಾದವರು ‘ಆಫಾಕಿ’ಗಳು, ಎಂದರೆ ಪರದೇಶದವರು. ತಾವು ಈ ಮಣ್ಣಿನವರೆಂದು ಹೇಳಿಕೊಂಡವರು ‘ದಖನಿ’ಗಳು. ಹುದ್ದೆ ಯಾರಿಗೆ, ಜಾಗೀರು ಯಾರಿಗೆ ಎಂಬುದೇ ಜಗಳದ ಮೂಲ. ಇದರಲ್ಲಿ ಒಂದು ವಿಚಿತ್ರವಿದೆ. ದಖನಿಗಳಲ್ಲಿ ಅನೇಕರ ಹಿರಿಯರು 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದೌಲತಾಬಾದಿಗೆ ರಾಜಧಾನಿ ಬದಲಿಸಿದಾಗ ಮತ್ತು ಅದರ ಆಸುಪಾಸಿನಲ್ಲಿ ದೆಹಲಿಯ ಕಡೆಯಿಂದ ಬಂದವರು. ನಾಲ್ಕಾರು ತಲೆಮಾರು ಮೊದಲು ಬಂದವರು ನಿನ್ನೆ ಬಂದವರನ್ನು ಹೊರಗಿನವರೆನ್ನುತ್ತಿದ್ದರು. ಇವರಿಬ್ಬರ ಜಗಳದ ನಡುವೆ ಉತ್ತು ಬಿತ್ತುವ ಜನರ ಮಾತು ಕೇಳಿದವರು ಕಡಿಮೆ. ಅದೇ ಕಾಲದಲ್ಲಿ ಬೀದರಿಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಸರದಾರರು ಬಹಳ ಶ್ರೀಮಂತರು, ಹಳ್ಳಿಯ ಜನ ಬಹಳ ಬಡವರು ಎಂಬುದನ್ನು ಮರೆಯದೆ ಬರೆದಿಟ್ಟಿದ್ದಾನೆ. ಗವಾನ್ ಎರಡೂ ಪಂಗಡಗಳಿಗೆ ಸಮನಾಗಿ ಹುದ್ದೆ ಹಂಚಿ ಜಗಳ ತಣಿಸಲು ನೋಡಿದ. ಆಗಲಿಲ್ಲ.

ಮುಂದಿನದು ಫೆರಿಷ್ತಾ ಹೇಳುವ ಕಥೆ. ವಿರೋಧಿಗಳು ಗವಾನನ ಮುದ್ರೆ ಕಾಯುವ ಗುಲಾಮನ ಸ್ನೇಹ ಬೆಳೆಸಿ, ಒಂದು ದಿನ ಅವನಿಗೆ ಕುಡಿಸಿ, ಮಡಿಸಿದ ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ, ಗವಾನನೇ ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುತ್ತಿರುವಂತೆ ಪತ್ರ ಬರೆದು ಸುಲ್ತಾನನಿಗೆ ತೋರಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ಷಾ ಆಗ ಪೂರ್ವದ ದಂಡಯಾತ್ರೆಯಲ್ಲಿದ್ದ. ಮಂತ್ರಿಯನ್ನು ಕರೆಸಿ ಕೇಳಿದ. ಮುದ್ರೆ ನನ್ನದು, ಬರಹ ನನ್ನದಲ್ಲ ಎಂದ ಗವಾನ್. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. 1481ರ ಏಪ್ರಿಲ್ 5ರಂದು ಎಪ್ಪತ್ತರ ಆ ವೃದ್ಧನ ತಲೆ ಕಡಿಸಲಾಯಿತು. ಪತ್ರಲೇಖನದ ಕಲೆಯ ಮೇಲೆ ‘ಮನಾಜಿರುಲ್ ಇನ್ಶಾ’ ಎಂಬ ಗ್ರಂಥವನ್ನೇ ಬರೆದಿದ್ದವನು ಒಂದು ಖೋಟಾ ಪತ್ರದಿಂದ ಸತ್ತ.

ಕಚೇರಿಗೆ ಸೇರಿದ ಹೊಸತರಲ್ಲಿ ನಮಗೆ ಹಿರಿಯರು ಮೊದಲು ಕಲಿಸಿದ ಪಾಠ, ಖಾಲಿ ಕಾಗದಕ್ಕೆ ಸಹಿ ಬೇಡ, ಮೊಹರಿನ ಪೆಟ್ಟಿಗೆಯ ಬೀಗದ ಕೈ ಬೇರೆಯವರಿಗೆ ಬೇಡ ಎಂಬುದು. ಅದನ್ನು ನಾವು ಹಳೆಯ ಕಾಲದವರ ಅಂಜುಬುರುಕುತನವೆಂದು ತಿಳಿದಿದ್ದೆವು. ಬೀದರ ನೋಡಿದ ಮೇಲೆ ಹಾಗೆ ತೋರುವುದಿಲ್ಲ.

ತಪ್ಪು ತಿಳಿದ ಸುಲ್ತಾನ ಪಶ್ಚಾತ್ತಾಪ ಪಟ್ಟು ವರ್ಷದೊಳಗೇ ತೀರಿಕೊಂಡ. ಗವಾನ್ ಬಿಗಿಹಿಡಿದಿದ್ದ ಪ್ರಾಂತಗಳು ಒಂದೊಂದಾಗಿ ಕಳಚಿಕೊಂಡವು. ಬಿಜಾಪುರ, ಅಹ್ಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ ಎಂದು ರಾಜ್ಯ ಐದು ಹೋಳಾಯಿತು. ಒಳಗಿನವರು, ಹೊರಗಿನವರು ಇಬ್ಬರಿಗೂ ದೊಡ್ಡ ಮನೆ ಉಳಿಯಲಿಲ್ಲ.

ಮಿನಾರಿನ ನೆರಳಿನಲ್ಲಿ ಕುಳಿತು ಈ ಕಥೆ ಹೇಳಿ ಮುಗಿಸಿದಾಗ ನಮ್ಮಲ್ಲೊಬ್ಬರ ಮಗ, ಎಂಟನೆಯ ತರಗತಿಯವನು, “ಅಪ್ಪಾ, ಹಾಗಾದರೆ ನಾವು ಆಫಾಕಿಗಳೋ ದಖನಿಗಳೋ?” ಎಂದು ಕೇಳಿದ. ಶಾಲೆಯಲ್ಲಿ ಅವನನ್ನು ಯಾರೋ ‘ನೀನು ಹೊರಗಿನವನು’ ಎಂದಿದ್ದು ಆಗ ಹೊರಬಿತ್ತು. ದೊಡ್ಡವರು ಮುಖ ಮುಖ ನೋಡಿಕೊಂಡೆವು. ಅವನ ತಾಯಿ, “ಇಲ್ಲಿ ನೀರು ಕುಡಿದಿದ್ದೀವಿ, ಇಲ್ಲಿ ದುಡಿದಿದ್ದೀವಿ. ಅಷ್ಟು ಸಾಕು ಕಣೋ” ಎಂದರು. ನಿಜ ಹೇಳಬೇಕೆಂದರೆ, ನಮ್ಮ ಬಡಾವಣೆಗೆ ಮೊನ್ನೆ ಮೊನ್ನೆ ಬೇರೆ ರಾಜ್ಯಗಳಿಂದ ಕೂಲಿಗೆ ಬಂದವರ ಬಗ್ಗೆ ನಾವೇ ಆಡಿಕೊಂಡ ಮಾತುಗಳು ಆಗ ನಮ್ಮ ನೆನಪಿಗೆ ಬಂದವು.

ಆ ಹುಡುಗನಿಗೆ ಇನ್ನಷ್ಟು ಉತ್ತರ ಬೀದರೇ ಕೊಟ್ಟಿತು. ಮಧ್ಯಾಹ್ನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಊಟಕ್ಕೆ ಕುಳಿತೆವು. ನೀವು ಯಾರು ಎಂದು ಯಾರೂ ಕೇಳಲಿಲ್ಲ. 1699ರಲ್ಲಿ ಗುರು ಗೋವಿಂದಸಿಂಗರ ಕರೆಗೆ ಎದ್ದು ನಿಂತ ಪಂಚಪ್ಯಾರೆಯರಲ್ಲಿ ಒಬ್ಬರಾದ ಸಾಹಿಬ್ ಸಿಂಗರು ಬೀದರಿನವರೇ. ಊರ ಹೊರಗಿನ ಅಷ್ಟೂರಿನಲ್ಲಿ ಅಹ್ಮದ್ ಷಾ ವಲಿಯ ಗೋರಿಯಿದೆ. ಒಳಗೆ ಗುಮ್ಮಟದ ತುಂಬ ಬಣ್ಣದ ಚಿತ್ತಾರ. ಮುಸಲ್ಮಾನರಿಗೆ ಆತ ವಲಿ, ಅಲ್ಲಿಗೆ ಬರುವ ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭು. ವರ್ಷದ ಉರುಸಿನಲ್ಲಿ ಜಂಗಮರೂ ಪಾಲುಗೊಳ್ಳುತ್ತಾರೆ.

ಸಂಜೆ ಬಿದರಿ ಕೆಲಸದವರ ಅಂಗಡಿಗೆ ಹೋದೆವು. ಸತು ಹೆಚ್ಚು, ತಾಮ್ರ ಕಡಿಮೆ ಬೆರೆಸಿದ ಎರಕ. ಅದರಲ್ಲಿ ಕೊರೆದು ಬೆಳ್ಳಿ ಕೂಡಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇರಾನಿನ ಕಡೆಯಿಂದ ಬಂದ ಕಸುಬೆಂದು ಹೇಳುತ್ತಾರೆ. ಇಂದು ಅದಕ್ಕೆ ಈ ಊರಿನದೇ ಹೆಸರು.

ಬಸ್ಸಿನ ಚಾರ್ಜು, ಒಂದು ರಾತ್ರಿಯ ಸಾದಾ ಲಾಡ್ಜು, ಆಟೋ, ಒಂದು ಚಿಕ್ಕ ಬಿದರಿ ಡಬ್ಬಿ, ಇಷ್ಟೇ ನಮಗಾದ ಖರ್ಚು. ಹೋಗುವವರು ಚಳಿಗಾಲದಲ್ಲಿ ಹೋಗಿರಿ, ಮಕ್ಕಳನ್ನು ಕರೆದುಕೊಂಡೇ ಹೋಗಿರಿ. ಸಮಯ ಉಳಿದರೆ ಊರ ಹೊರಗಿನ ಗವಾನನ ಗೋರಿಯನ್ನೂ ನೋಡಿ ಬನ್ನಿ. ಸುಲ್ತಾನರ ಗೋರಿಗಳಂತೆ ಮೇಲೆ ಗುಮ್ಮಟವಿಲ್ಲ. ಬಯಲಲ್ಲಿ ಒಂದು ಕಟ್ಟೆ, ಅಷ್ಟೆ.