ಸೇಬು ಕೊಟ್ಟು ಕುಂಟಿಸಿದ ಕಥೆ

ನಮ್ಮನೆ ಗಿನಿ ಪಿಗ್ ಹೆಸರು ಬೋಂಡ. ಫ್ರಿಜ್ ಬಾಗಿಲು ತೆಗೆದ ಸದ್ದು ಕೇಳಿದರೆ ಸಾಕು, ಪಂಜರದ ಸರಳು ಹಿಡಿದು ನಿಂತು ‘ವೀಕ್ ವೀಕ್’ ಅಂತ ಮನೆಯೆಲ್ಲ ಒಂದು ಮಾಡುತ್ತಿತ್ತು. ಮೀಟಿಂಗ್ ಮಧ್ಯೆ ಈ ಗಲಾಟೆ ಬೇಡ ಅಂತ ಒಂದು ಹೋಳು ಸೇಬೋ, ಬಾಳೆಹಣ್ಣಿನ ತುಂಡೋ ಹಾಕಿ ಸುಮ್ಮನಾಗಿಸ್ತಿದ್ದೆವು. ದಿನಕ್ಕೆ ಮೂರು ನಾಲ್ಕು ಸಲ. ಹಣ್ಣು ತಾನೇ, ಒಳ್ಳೇದೇ ಅಲ್ವಾ?

ಒಂದು ಬೆಳಗ್ಗೆ ಬೋಂಡ ಹಿಂಗಾಲು ಎಳೆಯುತ್ತಿತ್ತು. ಎತ್ತಿಕೊಂಡರೆ ನೋವಿಗೆ ಕಿರುಚಿತು. ಎಲ್ಲೋ ಬಿದ್ದು ಮೂಳೆ ಮುರಿದುಕೊಂಡಿದೆ ಅಂದುಕೊಂಡು ಡಾಕ್ಟರ ಬಳಿ ಓಡಿದೆವು. ಅವರು ಕಾಲಿಗಿಂತ ಮೊದಲು ಬಾಯಿ ತೆರೆದು ನೋಡಿದರು. ಏನು ಕೊಡ್ತೀರಿ ಅಂತ ಕೇಳಿದರು. ದಿನಾ ಹಣ್ಣು ಕೊಡ್ತೀವಿ ಅಂತ ಹೆಮ್ಮೆಯಿಂದಲೇ ಹೇಳಿದೆ. ‘ಇದಕ್ಕೆ ಸ್ಕರ್ವಿ’ ಅಂದರು.

ಸ್ಕರ್ವಿ ಅಂದ್ರೆ ಹೈಸ್ಕೂಲಿನಲ್ಲಿ ಓದಿದ್ದು, ಹಡಗಿನ ನಾವಿಕರಿಗೆ ಬರುವ ಕಾಯಿಲೆ. ಒಸಡಿನಿಂದ ರಕ್ತ ಸೋರುವುದು, ಕೀಲು ಊದುವುದು, ಕೊನೆಗೆ ಸಾವು. ಫ್ರಿಜ್ ತುಂಬ ಹಣ್ಣಿರುವ ಮೂರನೇ ಮಹಡಿಯ ಫ್ಲ್ಯಾಟಿಗೆ ಅದು ಹೇಗೆ ಬಂತು? ಉತ್ತರ ಹುಡುಕುತ್ತ ಹೋದರೆ, ಸ್ಕರ್ವಿಯ ಗುಟ್ಟು ರಟ್ಟಾಗಿದ್ದೇ ಬೋಂಡನ ವಂಶಸ್ಥರಿಂದ ಅಂತ ಗೊತ್ತಾಯಿತು.

ಈ ಪ್ರಾಣಿ ಗಿನಿ ದೇಶದ್ದೂ ಅಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಮಾಂಸಕ್ಕಾಗಿ ಸಾಕತೊಡಗಿದರು. ಅಲ್ಲಿ ಇದರ ಹೆಸರು ‘ಕುಯ್’. ಪೆರುವಿನಲ್ಲಿ ಇವತ್ತಿಗೂ ಹಬ್ಬದ ಅಡುಗೆ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರ ಜೊತೆ ಹಡಗು ಹತ್ತಿ ಯುರೋಪಿಗೆ ಬಂತು. ಅಲ್ಲಿ ಶ್ರೀಮಂತರ ಮನೆಯ ಮುದ್ದಿನ ಪ್ರಾಣಿಯಾಯಿತು, ಆಮೇಲೆ ಪ್ರಯೋಗಾಲಯದ ಪಂಜರ ಸೇರಿತು.

ಇತ್ತ ನಾವಿಕರ ಕಥೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ಬಂದ 12 ನಾವಿಕರನ್ನು ಇಬ್ಬಿಬ್ಬರ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ಕೂತರು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಹಂಚಲು ಶುರುಮಾಡಿದ್ದು 1795ರಲ್ಲಿ. ನಿಂಬೆ ಕೆಲಸ ಮಾಡುತ್ತೆ ಅಂತೇನೋ ತಿಳಿಯಿತು, ಯಾಕೆ ಅಂತ ತಿಳಿಯಲಿಲ್ಲ. ತಿಳಿಯಲು ಪ್ರಯೋಗ ಬೇಕು, ಪ್ರಯೋಗಕ್ಕೆ ಪ್ರಾಣಿ ಬೇಕು. ಆದರೆ ಇಲಿಗಾಗಲಿ, ನಾಯಿಗಾಗಲಿ, ಕೋಳಿಗಾಗಲಿ ಸ್ಕರ್ವಿ ಬರುವುದೇ ಇಲ್ಲ.

ಬಾಗಿಲು ತೆರೆದಿದ್ದು ಆಕಸ್ಮಿಕವಾಗಿ. ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಹುಡುಕುತ್ತಿದ್ದದ್ದು ಬೇರೆಯದೇ ಕಾಯಿಲೆಯನ್ನು: ತಮ್ಮ ದೇಶದ ನಾವಿಕರನ್ನು ಕಾಡುತ್ತಿದ್ದ ಬೆರಿಬೆರಿ. ಪಾರಿವಾಳ ಬಿಟ್ಟು ಗಿನಿ ಪಿಗ್ ತಂದು ಬರೀ ಧಾನ್ಯ, ಬ್ರೆಡ್ ತಿನ್ನಿಸಿದರು. ಬೆರಿಬೆರಿ ಬರಲಿಲ್ಲ. ಒಸಡಿನಿಂದ ರಕ್ತ ಬಂತು, ಹಲ್ಲು ಸಡಿಲವಾಯಿತು, ಪ್ರಾಣಿಗಳು ಕೆಲವೇ ವಾರಗಳಲ್ಲಿ ಸತ್ತವು. ತಾಜಾ ಎಲೆಕೋಸು ಅಥವಾ ನಿಂಬೆರಸ ಸೇರಿಸಿದರೆ ಏನೂ ಆಗುತ್ತಿರಲಿಲ್ಲ. 1907ರಲ್ಲಿ ಇದನ್ನು ಪ್ರಕಟಿಸಿದರು. ಮನುಷ್ಯನ ಹಾಗೆಯೇ ಸ್ಕರ್ವಿಗೆ ತುತ್ತಾಗುವ ಪ್ರಾಣಿ ಕೊನೆಗೂ ಸಿಕ್ಕಿತ್ತು.

ಇದರಿಂದ ಮುಂದಿನ ದಶಕದಲ್ಲೇ ಒಂದು ಉಪಕಾರವಾಯಿತು, ಅದರಲ್ಲಿ ನಮ್ಮವರ ಪಾತ್ರವೂ ಇದೆ. ಮೊದಲ ಮಹಾಯುದ್ಧದಲ್ಲಿ, 1915ರ ಡಿಸೆಂಬರಿನಿಂದ 1916ರ ಏಪ್ರಿಲ್‌ವರೆಗೆ, ಈಗಿನ ಇರಾಕಿನ ಕೂತ್‌ನಲ್ಲಿ ಆರನೇ ಪೂನಾ ಡಿವಿಷನ್ ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿಬಿತ್ತು. ಬ್ರಿಟಿಷ್ ಸೈನಿಕರು ಕುದುರೆ ಮಾಂಸ ತಿಂದರು. ಭಾರತೀಯ ಸಿಪಾಯಿಗಳಲ್ಲಿ ಬಹಳ ಮಂದಿ ಅದನ್ನು ಮುಟ್ಟದೆ ಹಿಟ್ಟಿನ ಮೇಲೆ ದಿನ ದೂಡಿದರು. ಬ್ರಿಟಿಷರಿಗೆ ಬೆರಿಬೆರಿ ಬಂತು, ನಮ್ಮವರಿಗೆ ಸ್ಕರ್ವಿ.

ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್, ಮಾರ್ಗರೆಟ್ ಹ್ಯೂಮ್ ಮುಂತಾದ ಮಹಿಳಾ ವಿಜ್ಞಾನಿಗಳು ಈ ಸಮಸ್ಯೆ ಕೈಗೆತ್ತಿಕೊಂಡರು. ಗಿನಿ ಪಿಗ್‌ಗಳಿಗೆ ಒಂದೊಂದೇ ಪದಾರ್ಥ ಕೊಟ್ಟು ನೋಡಿದರು. ಒಣ ಕಾಳಿಗೆ ಸ್ಕರ್ವಿ ತಡೆಯುವ ಶಕ್ತಿ ಇರಲಿಲ್ಲ. ಅದೇ ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಶಕ್ತಿ ಹುಟ್ಟುತ್ತಿತ್ತು! ಮರುಭೂಮಿಯ ದಂಡಿಗೆ ತಾಜಾ ತರಕಾರಿ ಸಾಗಿಸುವುದು ಕಷ್ಟ, ಕಾಳಿನ ಮೂಟೆ ಸಾಗಿಸುವುದು ಸುಲಭ. ನಮ್ಮ ಅಜ್ಜಿಯರು ಬಟ್ಟೆಯಲ್ಲಿ ಕಟ್ಟಿಡುವ ಮೊಳಕೆ ಹೆಸರುಕಾಳಿನ ಬೆಲೆ ಹೀಗೆ ಪ್ರಯೋಗಾಲಯದಲ್ಲೂ ಸಾಬೀತಾಯಿತು.

ಅವರದೇ ಇನ್ನೊಂದು ಪರೀಕ್ಷೆ ನನ್ನಂಥವರಿಗೆ ಹೇಳಿ ಮಾಡಿಸಿದ ಹಾಗಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ ಮೆಡಿಟರೇನಿಯನ್ ಕಡೆಯ ದೊಡ್ಡ ನಿಂಬೆ ಬಿಟ್ಟು ವೆಸ್ಟ್ ಇಂಡೀಸಿನ ಹಸಿರು ಲೈಮ್‌ಗೆ ಬದಲಾಯಿಸಿತ್ತು. ಎರಡೂ ಹುಳಿ, ಎರಡೂ ಒಂದೇ ಅಂತ ಲೆಕ್ಕ. ಗಿನಿ ಪಿಗ್‌ಗಳು ಹೇಳಿದ್ದು ಬೇರೆ: ಲೈಮ್ ರಸದ ಶಕ್ತಿ ನಿಂಬೆರಸದ ಕಾಲುಭಾಗದಷ್ಟೇ. ಹಣ್ಣು ಅಂದಮೇಲೆ ಎಲ್ಲ ಹಣ್ಣೂ ಒಂದೇ ಅಂದುಕೊಂಡಿದ್ದು ನೌಕಾಪಡೆಯ ತಪ್ಪು. ನಾನು ಮಾಡಿದ್ದೂ ಅದನ್ನೇ.

ಆ ಶಕ್ತಿ ಯಾವ ವಸ್ತುವಿನದು ಅಂತ ಗೊತ್ತಾಗಿದ್ದು 1930ರ ದಶಕದಲ್ಲಿ. ಹಂಗೇರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ತಾನು ಬೇರ್ಪಡಿಸಿದ್ದ ಒಂದು ಪುಡಿಯನ್ನು ಕೆಲವು ಗಿನಿ ಪಿಗ್‌ಗಳ ಆಹಾರಕ್ಕೆ ಸೇರಿಸಿದ. ಉಳಿದವಕ್ಕೆ ಬರೀ ಬೇಯಿಸಿದ ಆಹಾರ. ಪುಡಿ ತಿಂದವು ಚೆನ್ನಾಗಿದ್ದವು, ಉಳಿದವು ಸ್ಕರ್ವಿಯಿಂದ ಸತ್ತವು. ಆ ಪುಡಿಯೇ ವಿಟಮಿನ್ ಸಿ. ಹೆಚ್ಚು ಪುಡಿ ಎಲ್ಲಿಂದ ತರೋದು ಅಂತ ಒದ್ದಾಡುತ್ತಿದ್ದಾಗ ಅವನ ಕೈಹಿಡಿದದ್ದು ಊರಿನ ಬೆಳೆಯಾದ ಪ್ಯಾಪ್ರಿಕಾ. ಅಂದರೆ ನಮ್ಮ ದೊಣ್ಣೆಮೆಣಸಿನಕಾಯಿಯ ಅಣ್ಣತಮ್ಮ. 1937ರಲ್ಲಿ ನೊಬೆಲ್ ಬಂತು.

ಈಗ ಕಾರಣವೂ ಗೊತ್ತು. ಬಹುತೇಕ ಪ್ರಾಣಿಗಳ ದೇಹ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಒಂದು ಕಿಣ್ವದ ಜೀನ್ ಗಿನಿ ಪಿಗ್‌ನಲ್ಲೂ ಕೆಟ್ಟಿದೆ, ನಮ್ಮಲ್ಲೂ ಕೆಟ್ಟಿದೆ. ಬೇರೆ ಬೇರೆ ದಾರಿಯಲ್ಲಿ ಬಂದ ಇಬ್ಬರಿಗೂ ಒಂದೇ ಕೊರತೆ.

ಇನ್ನು ನನ್ನ ಲೆಕ್ಕ ನೋಡಿ. ಒಂದು ಕೆಜಿ ತೂಗುವ ಗಿನಿ ಪಿಗ್‌ಗೆ ದಿನಕ್ಕೆ ಕನಿಷ್ಠ 10 ಮಿಲಿಗ್ರಾಂ ವಿಟಮಿನ್ ಸಿ ಬೇಕು, ಕಾಯಿಲೆ ಬಿದ್ದರೆ, ಗಬ್ಬವಿದ್ದರೆ 30ರವರೆಗೂ. 100 ಗ್ರಾಂ ಸೇಬಿನಲ್ಲಿ ಇರುವುದು ಸುಮಾರು 5 ಮಿಲಿಗ್ರಾಂ. ಅಂದ್ರೆ ಸೇಬಿನಿಂದಲೇ ಪೂರೈಸಬೇಕಾದರೆ ದಿನಕ್ಕೆ 200 ಗ್ರಾಂ, ಅದರ ತೂಕದ ಐದನೇ ಒಂದು ಭಾಗ! ಅಷ್ಟು ಸಕ್ಕರೆ ಒಳಗೆ ಹೋದರೆ ಹೊಟ್ಟೆ ಕೆಟ್ಟು ಭೇದಿ ಶುರು. ನಾವು ಕೊಟ್ಟ ಹೋಳುಗಳಲ್ಲಿ ವಿಟಮಿನ್ ಸಾಲಲಿಲ್ಲ, ಸಕ್ಕರೆ ಮಾತ್ರ ಜಾಸ್ತಿಯಾಯಿತು. ಸಿಹಿ ರುಚಿ ಹತ್ತಿದ ಬೋಂಡ ಒಣಹುಲ್ಲನ್ನೂ ಸೊಪ್ಪನ್ನೂ ಮೂಸಿ ನೋಡುತ್ತಿರಲಿಲ್ಲ.

ಡಾಕ್ಟರು ವಿಟಮಿನ್ ಡೋಸ್ ಕೊಟ್ಟರು, ಊಟದ ಪಟ್ಟಿಯನ್ನೂ ಬದಲಿಸಿದರು. ದಿನವಿಡೀ ಎಷ್ಟು ಬೇಕಾದರೂ ಒಣಹುಲ್ಲು. ದಿನಾ ಒಂದು ಹೋಳು ದೊಣ್ಣೆಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ ಸೊಪ್ಪು. ಹಣ್ಣು ವಾರಕ್ಕೆ ಒಂದೆರಡು ಸಲ, ಹೆಬ್ಬೆರಳ ಉಗುರಿನಷ್ಟು ಚೂರು. ಸೇಬಾದರೆ ಬೀಜ ತೆಗೆದು. ಸೀಬೆಹಣ್ಣು ಇನ್ನೂ ಒಳ್ಳೆಯದು, ಅದರಲ್ಲಿ ಸೇಬಿನ ಹತ್ತಾರು ಪಟ್ಟು ವಿಟಮಿನ್ ಸಿ ಇದೆ, ಆದರೆ ಅದೂ ಚೂರೇ. ಬೆಣ್ಣೆಹಣ್ಣು ಮಾತ್ರ ಬೇಡವೇ ಬೇಡ. ನೀರಿಗೆ ವಿಟಮಿನ್ ಹನಿ ಬೆರೆಸಿಡುವುದೂ ನಂಬಿಕೆಯ ದಾರಿಯಲ್ಲ, ಬೆಳಕಿಗೆ, ಗಾಳಿಗೆ ಬೇಗ ಹಾಳಾಗುತ್ತೆ.

ಎರಡು ವಾರ ಕಳೆಯುವಷ್ಟರಲ್ಲಿ ಬೋಂಡ ಓಡಾಡತೊಡಗಿತು. ಈಗಲೂ ಫ್ರಿಜ್ ಸದ್ದಿಗೆ ಕೂಗುತ್ತೆ. ಪಂಜರಗಳಲ್ಲಿ ಸತ್ತು ನಮಗೆ ಪಾಠ ಹೇಳಿಕೊಟ್ಟ ಅದರ ಹಿರಿಯರನ್ನು ನೆನೆದು, ಸೇಬಿನ ಪಕ್ಕದಲ್ಲಿರುವ ಮೆಣಸಿನಕಾಯಿಗೆ ಕೈ ಹಾಕುತ್ತೇನೆ. ಮೊದಲೆರಡು ದಿನ ಬೋಂಡ ಮುಖ ತಿರುಗಿಸಿತ್ತು, ಈಗ ಬೀಜದ ಬುಡವನ್ನೂ ಬಿಡಲ್ಲ.